ಅರ್ಧ ಟಿಕೆಟಿನ ಗೆರಿ

ದಿನಕ್ಕ ಎಂಟು ಸಲ ಕೂಗತೀನಿ:
ಝರಣಿ, ಝರಣಿ, ನರಸಿಂಹ ಝರಣಿ ಇಳಿಯೋರು ಮುಂದ ಬರ್ರಿ.
ಬೀದರದಾಗ ಹನ್ನೊಂದು ವರ್ಷದ ಕಂಡಕ್ಟರ್ ನೌಕರಿ.
ಒಮ್ಮಿನೂ ನಾ ಇಳಿದಿಲ್ಲ.

ಮಕ್ಕಳು ಕೇಳತಾವ: ಅವ್ವಾ, ನಿನ್ನ ಬಸ್ಸೇ ಹೋಗತದಲ್ಲ,
ನಾವ್ಯಾಕ ಹೋಗಲ್ಲ?
ಗವಿ ಉದ್ದ. ನೀರು ದೊಡ್ಡವರ ಎದಿಮಟ.
ಮ್ಯಾಲ ಬಾವಲಿ, ಮುಂದ ಜನ, ಹಿಂದ ಜನ,
ಐತಾರ ಅಂದ್ರ ಹೈದರಾಬಾದಿನ ಗಾಡಿ, ಲಾತೂರಿನ ಗಾಡಿ,
ಸಾಲು ಬೇವಿನ ಗಿಡದ ತನಕ.
ಲೈಟು ಹೋದ್ರ? ಸಣ್ಣ ಕೈ ಒಂದು ಜಾರಿದ್ರ?

ಅದಕ್ಕ, ವಾಪಸ ಹತ್ತಿದವರನ್ನ
ಚಿಲ್ಲರೆ ಎಣಿಸೋ ನೆವದಾಗ ಕೇಳತೀನಿ:
ಹುಡುಗರನ್ನ ಕರಕೊಂಡು ಹೋಗಬಹುದೇನ್ರಿ?

ಒದ್ದಿ ಧೋತರದ ಮುದುಕ ಅಂದ:
ದೇವರೆಲ್ಲಿ ಕಂಡ ತಾಯಿ,
ಎರಡು ತಾಸು ಮುಂದಿನವನ ಬೆನ್ನಿನ ಮಚ್ಚಿ ನೋಡಿದೆ.
ಇನ್ನ ಆ ಮಚ್ಚಿ ಕನಸಿನಾಗ ಬರತದ.

ಭಾಲ್ಕಿ ಕಡಿ ಸೊಸಿ:
ನನ್ನ ಚಪ್ಪಲಿ ಹೋದವು, ಅತ್ತಿದು ಒಂದೇ ಹೋಯ್ತು.
ಆದ್ರೂ ಮೇ ತಿಂಗಳದಾಗ ಅಂಥಾ ತಣ್ಣನ ಜಾಗ
ಎಲ್ಲಿ ಸಿಗತದಕ್ಕಾ.

ಸ್ಟಾಪಿನಾಗ ಟವೆಲ್ ಮಾರೋ ನಸೀಮಾ ಆಪಾ:
ಒಳಗಿಂದು ನನಗ ಗೊತ್ತಿಲ್ಲ.
ಹೊರಗ ಬರುವಾಗ ಹಲ್ಲು ಕಟಕಟ ಅಂತಿರತಾವ,
ನಗತಿರತಾರ. ಅಷ್ಟೇ ನಾ ನೋಡಿದ್ದು.

ಸಂಜಿ ಟ್ರಿಪ್ಪಿನಾಗ ಒಬ್ಬ ಹುಡುಗ,
ಹತ್ತು ಬೆರಳೂ ಒಣದ್ರಾಕ್ಷಿ.
ಏನೇನು ನೋಡಿದಿಯಪ್ಪಾ?
ನಿದ್ದಿ ಹೊಡೆಯೋ ಅಪ್ಪನ ಕಡಿ ಒಮ್ಮಿ ನೋಡಿ
ನನ್ನ ಕಿವಿದಾಗ ಅಂದ:
ಅಪ್ಪನ ನೆತ್ತಿ ಮ್ಯಾಲ ಕೂದಲಾನೇ ಇಲ್ಲ,
ಇಷ್ಟಗಲ, ಸಣ್ಣ ರೊಟ್ಟಿಯಷ್ಟು.

ನಮ್ಮ ಬಸ್ಸಿನ ಬಾಗಿಲ ಕಂಬಕ್ಕ ಕೆಂಪು ಗೆರಿ ಅದ.
ಕೆಳಗಿದ್ರ ಅರ್ಧ, ದಾಟಿದ್ರ ಪೂರಾ.
ಹೆಣ್ಮಕ್ಕಳಿಗೆ ಈಗ ಫುಕಟ್,
ಗೆರಿ ಬರೇ ಗಂಡುಹುಡುಗರಿಗೆ.
ಡಿಪೋದಾಗ ಯಾರೂ ಇಲ್ಲದಾಗ
ಕಂಬಕ್ಕ ಬೆನ್ನು ಹಚ್ಚಿ ನಿಂತು ನೋಡಿದೆ.
ಸರಿಯಾಗಿ ನನ್ನ ಎದಿ.
ಅಂದ್ರ ನೀರು ಗೆರಿಮಟ.
ಅಂದ್ರ ಅರ್ಧ ಟಿಕೆಟಿನವರನ್ನ
ಯಾರರೆ ಹೊರಬೇಕು.

ಮಾಣಿಕ ಇನ್ನೂ ನಾಲ್ಕು ಬೆರಳು ಕೆಳಗ.
ಇವರ ಸೊಂಟ ಗಂಜಿನಾಗ ತೊಗರಿ ಚೀಲಕ್ಕ ಹೋಗ್ಯದ.
ಬರೋ ವರ್ಷ ಹೋಗಾಮು, ಅಂದೆ,
ಆಗ ತಾನೇ ನಡಿತಾನ.

ಭಾಗ್ಯವಂತಿ ಪುಸ್ತಕದಿಂದ ತಲಿ ಎತ್ತಲಿಲ್ಲ.
ನನಗೂ ಹಂಗೇ ಅಂದಿದ್ದಿ.

ಹೌದು. ನಾಲ್ಕು ವರ್ಷದ ಹಿಂದ, ಇದೇ ಅಡಗಿಮನಿದಾಗ.
ಈಗ ನನ್ನ ಕಿವಿಮಟ ಬಂದಾಳ.
ನೀರು ಅಕಿನ ಏನೂ ಮಾಡಲ್ಲ ಇನ್ನ.
ಹೊರಬೇಕಂದ್ರೂ ಆಗಲ್ಲ.

ರಾತ್ರಿ ಊಟ ಆದಮ್ಯಾಲ ನೆಲಕ್ಕ ಕೂತು
ಹತ್ತೋ ನೋಡಾಮು, ಅಂದೆ ಮಾಣಿಕಗ.
ಚೌಕಟ್ಟು ಹಿಡಿದು ಎದ್ದೆ. ಮೊಣಕಾಲು ಟಿಕ್ ಅಂತು.
ಮೂರು ಹೆಜ್ಜಿ ಒಲಿ ತನಕ,
ತಿರುಗಿ ಮೂರು ಹೆಜ್ಜಿ ಕೊಡದ ತನಕ.
ಭಾಗಿ ಹಿಂದಿಂದ ಬಂದು ಅವನ ಬೆನ್ನಿಗೆ ಕೈ ಕೊಟ್ಟಳು.
ಯಾರೂ ಹೇಳಿರಲಿಲ್ಲ.

ಅವ್ವಾ, ನಿನ್ನ ಬೈತಲಿದಾಗ ಬಿಳಿ ಕೂದಲ ಅವ.
ಎಷ್ಟು?
ಸುಮ್ಮನಿರು, ಎಣಿಸಾಕತ್ತೀನಿ.

ನಾಳೆ ನನ್ನ ವಾರದ ರಜಾ.
ಮಂಗಳವಾರ, ಗದ್ದಲ ಕಡಿಮಿ ಇದ್ದೀತು.
ಇರಲಿಕ್ಕೂ ಇಲ್ಲ.

ಇಳಿಯಪ್ಪಾ ಸಾಕು, ಭುಜ ನೋಯತದ.

ಸ್ಟಾಪ್ ಇನ್ನೂ ಬಂದಿಲ್ಲ, ಅಂದ.